ಹೆಂಡತಿಯ ಹೆಸರಿಗೆ ಒಂಬತ್ತು ಗಂಟೆ

ಕ್ಯಾಲ್ಡರ್ ಬ್ರಿಜ್
ಏಪ್ರಿಲ್ 9, 2019, ಮಂಗಳವಾರ

ಒರೆಸ್ಟ್‌ಗೆ,

ಕ್ಷೇಮವೇ ಎಂದು ಕೇಳುವುದಿಲ್ಲ. ನಿನ್ನ ಸುದ್ದಿ ನನಗೆ ಮರಿಸೆಲ್‌ಳಿಂದ ಸಿಗುತ್ತಲೇ ಇದೆ. ಬಲಗಾಲು ಇನ್ನೂ ಎಳೆಯುತ್ತದಂತೆ, ಸೂಪಿಗೆ ಉಪ್ಪಿಲ್ಲವೆಂದು ಚಮಚ ಎಸೆದೆಯಂತೆ, ಗಡ್ಡ ಹೆರೆಯಲು ಬಿಡುವುದಿಲ್ಲವಂತೆ. ನಿನ್ನೆ ಕೋ-ಆಪ್ ಅಂಗಡಿಯಲ್ಲಿ ಸಿಕ್ಕಾಗ ನೀನು ಹೇಳಿಕಳಿಸಿದ ಮಾತನ್ನೂ ಮುಟ್ಟಿಸಿದಳು. "ಸಹಿ ಹಾಕಿಸ್ಕೊಂಡ್ಲು, ಹೋದ್ಲು. ಆಮೇಲೆ ಈ ಕಡೆ ತಲೆ ಹಾಕಿಲ್ಲ." ಹೇಳುವಾಗ ಅವಳು ನನ್ನ ಮುಖ ನೋಡದೆ ಆಲೂಗೆಡ್ಡೆ ಆರಿಸುತ್ತಿದ್ದಳು. ನಿನ್ನ ಮೈ ತೊಳೆಯಲು ಬರುವವಳ ಕೈಯಲ್ಲಿ ಇಂಥ ಮಾತು ಹೊರಿಸಿ ಕಳಿಸುವುದಕ್ಕೆ ನಿನಗೆ ಹೇಗೆ ಮನಸ್ಸು ಬಂತೋ.

ಅದಕ್ಕೇ ಬರೆಯುತ್ತಿದ್ದೇನೆ. ಫೋನಿನಲ್ಲಿ ನಿನಗೆ ಮಾತು ಸಿಕ್ಕಿಹಾಕಿಕೊಳ್ಳುತ್ತದೆ, ನನಗೆ ಸಿಟ್ಟು ಬರುತ್ತದೆ. ಬಂದು ಹೇಳೋಣವೆಂದರೆ ಬರುವಂತಿಲ್ಲ. ಯಾಕೆ ಬರುವಂತಿಲ್ಲ ಎನ್ನುವುದೇ ಈ ಕಾಗದದ ವಿಷಯ. ಇದನ್ನು ನೀನೇ ಓದು, ನಾಲ್ಕು ದಿನ ಹಿಡಿದರೂ ಸರಿ. ಮರಿಸೆಲ್ ಕೈಗೆ ಮಾತ್ರ ಕೊಡಬೇಡ. ಅವಳು ಒಳ್ಳೆಯವಳು, ಆದರೆ ಕಂಡದ್ದನ್ನು ಬರೆದಿಡುವುದು ಅವಳ ಕೆಲಸ. ಅವಳು ಒಳ್ಳೆಯ ಮನಸ್ಸಿನಿಂದ ಬರೆದ ಒಂದು ಸಾಲು ನಮ್ಮನ್ನು ಎಲ್ಲಿಗೆ ತಂದಿತು ಎಂದು ನಿನಗೆ ಗೊತ್ತಿಲ್ಲ.

ನವೆಂಬರಿನಲ್ಲಿ ನಿನಗೆ ಪಾರ್ಶ್ವವಾಯು ಹೊಡೆದು, ಆಸ್ಪತ್ರೆಯಿಂದ ಮನೆಗೆ ಕಳಿಸಿದ ವಾರ ಡೆನಿಸ್ ಫೋಂಟೇನ್ ಬಂದು ನಿನ್ನ ಅಡುಗೆಮನೆಯಲ್ಲಿ ಕೂತಿದ್ದಳಲ್ಲ, ನೆನಪಿರಬಹುದು. ಮನೆ ಆರೈಕೆ ಕಚೇರಿಯಲ್ಲಿ ಯಾವ ಮುದುಕರ ಮನೆಗೆ ವಾರಕ್ಕೆ ಎಷ್ಟು ಗಂಟೆ ಆಳು ಕಳಿಸಬೇಕೆಂದು ಬರೆಯುವವಳು ಅವಳು. ಸ್ನಾನಕ್ಕೆ ಇಷ್ಟು ನಿಮಿಷ, ಬಟ್ಟೆ ತೊಡಿಸಲು ಇಷ್ಟು, ಕಕ್ಕಸಿಗೆ ಕರೆದೊಯ್ಯಲು ಇಷ್ಟು, ಊಟ ಬಿಸಿ ಮಾಡಿ ಮುಂದಿಡಲು ಇಷ್ಟು. ಎಲ್ಲ ಕೂಡಿಸಿದಾಗ ನಿನಗೆ ವಾರಕ್ಕೆ ಹದಿಮೂರು ಗಂಟೆ ಬೇಕು ಎಂದು ಬಂತಂತೆ. ಮಾರನೆಯ ದಿನ ನನಗೆ ಫೋನ್.

"ಮಿಸೆಸ್ ಬೊಯ್ಚುಕ್, ನಿಮ್ಮವರಿಗೆ ನಾಲ್ಕು ಗಂಟೆ ಮಂಜೂರಾಗಿದೆ. ಉಳಿದ ಒಂಬತ್ತು ಗಂಟೆ ನಿಮ್ಮ ಹೆಸರಿಗೆ ಹಾಕಿದೀವಿ."

ಹದಿಮೂರು ವರ್ಷದಿಂದ ನನ್ನನ್ನು ಯಾರೂ ಮಿಸೆಸ್ ಬೊಯ್ಚುಕ್ ಎಂದು ಕರೆದಿರಲಿಲ್ಲ. ಬೇರೆ ಯಾರಿಗೋ ಮಾಡಿದ ಫೋನ್ ಎಂದುಕೊಂಡು ಇಟ್ಟುಬಿಟ್ಟೆ. ಅವಳು ಮತ್ತೆ ಮಾಡಿದಳು.

ನಾನು ಕಚೇರಿಗೆ ಹೋದೆ. ಚೀಟಿ ತೆಗೆದುಕೊಂಡು, ನಗುವ ಮುದುಕ-ಮುದುಕಿಯರ ಚಿತ್ರದ ಕೆಳಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಐವತ್ತು ನಿಮಿಷ ಕೂತೆ. ಡೆನಿಸ್‌ಗೆ ನಲವತ್ತೈದು ಇರಬಹುದು. ಕಣ್ಣಿನ ಕೆಳಗೆ ಕಪ್ಪು, ತೆರೆದ ಡ್ರಾಯರಿನಲ್ಲಿ ಅರ್ಧ ತಿಂದ ಸ್ಯಾಂಡ್‌ವಿಚ್. ಕಂಪ್ಯೂಟರನ್ನು ನನ್ನ ಕಡೆ ತಿರುಗಿಸಿ ನಿನ್ನ ಉತ್ತರ ತೋರಿಸಿದಳು. ನಿಮ್ಮನ್ನು ನೋಡಿಕೊಳ್ಳುವವರು ಯಾರಾದರೂ ಇದ್ದಾರೆಯೇ ಎಂಬ ಪ್ರಶ್ನೆಗೆ ನೀನು ಹೇಳಿದ್ದು: "ನನ್ನ ಹೆಂಡ್ತಿ ಯೂಸ್ತಿನಾ ದಿನಾ ಬರ್ತಾಳೆ. ಅಡುಗೆ ಮಾಡಿಟ್ಟು ಹೋಗ್ತಾಳೆ."

ಹದಿಮೂರು ವರ್ಷದಲ್ಲಿ ನನ್ನ ಕೈಯ ಒಂದು ಬಟ್ಟಲು ಬೀಟ್‌ರೂಟ್ ಸಾರನ್ನೂ ನೀನು ಕಂಡಿಲ್ಲ, ಒರೆಸ್ಟ್. ಬೇಕೆಂದೇ ಸರ್ಕಾರದ ಕೈಯಿಂದ ನನ್ನನ್ನು ಕುತ್ತಿಗೆ ಹಿಡಿದು ಎಳೆಸುತ್ತಿದ್ದೀಯ ಎಂದುಕೊಂಡೆ. ಈಗ ಹಾಗೆ ಅನ್ನಿಸುವುದಿಲ್ಲ. ಗುರುತಿಲ್ಲದ ಹೆಂಗಸಿನ ಎದುರು ನನಗೆ ಯಾರೂ ಇಲ್ಲ ಎಂದು ಹೇಳಲು ನಿನಗೆ ನಾಚಿಕೆಯಾಗಿರಬೇಕು. ಆದರೆ ಅವತ್ತು ನನಗೆ ಅದು ಹೊಳೆಯಲಿಲ್ಲ.

"ಡೈವೋರ್ಸ್ ಆಗಿದೆಯಾ?" ಎಂದು ಕೇಳಿದಳು.

"ಇಲ್ಲ. ಚರ್ಚಿನಲ್ಲಿ ಮದುವೆ ಆದೋರು ನಾವು, ನಮ್ಮ ಕಾಲದಲ್ಲಿ ಯಾರೂ ಕೋರ್ಟಿಗೆ ಹೋಗ್ತಿರಲಿಲ್ಲ. ನಾನು ರೈಲು ಹಳಿ ಈಚೆ ಇದೀನಿ, ಅವನು ಆಚೆ. ಇದಕ್ಕಿಂತ ಬೇರೆ ಆಗೋದು ಹೇಗೆ?"

"ಮೂರೂವರೆ ಕಿಲೋಮೀಟರ್," ಎಂದಳು ಡೆನಿಸ್, ಪರದೆ ನೋಡುತ್ತ. "ವಯಸ್ಸು ಎಪ್ಪತ್ತೊಂದು. ಕಾರು ಓಡಿಸ್ತೀರಿ. ಚರ್ಚ್ ಹಾಲಿನಲ್ಲಿ ಬುಧವಾರ ಬುಧವಾರ ಅಡುಗೆ ಕೆಲಸಾನೂ ಮಾಡ್ತೀರಿ. ನಮ್ಮ ಫಾರಂ ಪ್ರಕಾರ ನೀವು ಗಟ್ಟಿ ಇದೀರಿ, ಮಿಸೆಸ್ ಬೊಯ್ಚುಕ್. ಬಿಟ್ಟು ಬಂದಿದ್ದಕ್ಕೆ ಕಾರಣ ಏನು ಅಂತ ಬರೀಲಿ?"

ಹಾಗಾಗಿ ಹೇಳಬೇಕಾಯಿತು. ಹಾನ್ಯಾಳ ವಿಷಯವನ್ನು, ನನ್ನ ತಂಗಿಯ ವಿಷಯವನ್ನು, ಅವಳ ಮೇಜಿನ ಮುಂದೆ ನಿಂತು, ಹಿಂದೆ ಇಬ್ಬರು ಚೀಟಿ ಹಿಡಿದು ಕಾಯುತ್ತಿರುವಾಗ. ಹದಿಮೂರು ವರ್ಷದ ಹಿಂದೆ, ಅವಳಿದ್ದ ನಗರದ ಆಸ್ಪತ್ರೆಯಿಂದ ಒಂದು ಶನಿವಾರ ಸಂಜೆ ನಾಲ್ಕಕ್ಕೆ ಫೋನ್ ಬಂದಿತ್ತು, ಇವತ್ತೇ ಹೊರಟು ಬನ್ನಿ ಎಂದಿದ್ದರು. ಫೋನ್ ತೆಗೆದವನು ನನ್ನ ಗಂಡ. ಭಾನುವಾರ ಅವನ ಕರ್ಲಿಂಗ್ ಆಟದ ತಂಡದವರು ಇಪ್ಪತ್ತು ಜನ ಊಟಕ್ಕೆ ಬರುವವರಿದ್ದರು, ನಾನು ಎಲೆಕೋಸಿನ ಸುರುಳಿ ಕಟ್ಟುತ್ತಿದ್ದೆ. ಊಟ ಮುಗಿದು, ತಟ್ಟೆ ತೊಳೆದು, ಕೊನೆಯವನು ಬೂಟು ಹಾಕಿಕೊಂಡು ಹೋದ ಮೇಲೆ ಅವನು ಹೇಳಿದ. ಅಷ್ಟರಲ್ಲಿ ಹಾನ್ಯಾ ಹೋಗಿ ಆರು ಗಂಟೆಯಾಗಿತ್ತು. ಇಷ್ಟು ಹೇಳಿದೆ.

ಡೆನಿಸ್ ಡ್ರಾಯರು ಮುಚ್ಚಿದಳು. ಆಮೇಲೆ ಕೇಳಿದಳು, "ಇದಕ್ಕೆ ಏನಾದ್ರೂ ದಾಖಲೆ ಇದೆಯಾ?"

"ಇದೆ," ಎಂದೆ. "ಕಲ್ಲಿನ ಮೇಲೆ ಕೆತ್ತಿದಾರೆ. ಸ್ಮಶಾನದಲ್ಲಿದೆ. ಕಿತ್ಕೊಂಡು ಬರ್ಲಾ?"

ಅವಳ ಮುಖ ಕೆಂಪಾಯಿತು. ಕೇಳಬೇಕು ಎಂದು ಕಂಪ್ಯೂಟರ್ ಹೇಳುತ್ತದೆ, ಕೇಳಿದಳು. ಕೊನೆಗೆ ಒಂದು ಫಾರಂ ಕೊಟ್ಟಳು. ನಾವಿಬ್ಬರೂ ದಂಪತಿಗಳಾಗಿ ಬಾಳುತ್ತಿಲ್ಲ, ಒಬ್ಬರ ಆರೈಕೆ ಇನ್ನೊಬ್ಬರು ಮಾಡುವುದಿಲ್ಲ, ಮಾಡುವ ಉದ್ದೇಶವೂ ಇಲ್ಲ ಎಂದು ಇಬ್ಬರೂ ಸಹಿ ಹಾಕಬೇಕು. ನನ್ನ ಸಹಿ ಹಾಕಿ ಅಂಚೆಯಲ್ಲಿ ನಿನಗೆ ಕಳಿಸಿದೆ. ನೀನು ಎಡಗೈಯಲ್ಲಿ ದೊಡ್ಡದಾಗಿ "ಆಗಲ್ಲ" ಎಂದು ಬರೆದು ವಾಪಸು ಕಳಿಸಿದೆ. ಆಗಲ್ಲವಾದರೆ ಕೊಳೆ ಎಂದುಕೊಂಡೆ. ಅದನ್ನು ಹಾಗೇ ಬರೆಯುತ್ತಿದ್ದೇನೆ, ತಿದ್ದುವುದಿಲ್ಲ.

ಜನವರಿ ಕೊನೆಯ ಬುಧವಾರ ಮರಿಸೆಲ್ ಚರ್ಚ್ ಹಾಲಿಗೆ ಬಂದಳು. ನಾವು ಎಂಟು ಜನ ಹೆಂಗಸರು ಆಲೂಗೆಡ್ಡೆ ತುಂಬಿದ ಪಿರೊಹಿ ಕಡುಬು ಮಡಚುತ್ತಿದ್ದೆವು. ಅವಳು ಡಜನ್ ಕಡುಬು ಕೊಳ್ಳುವ ನೆಪದಲ್ಲಿ ನನ್ನ ಪಕ್ಕ ನಿಂತು ಮೆಲ್ಲಗೆ ಹೇಳಿದಳು.

"ಅಮ್ಮಾ, ನಂಗೆ ಬೆಳಿಗ್ಗೆ ಹದಿನೈದು ನಿಮಿಷ, ಸಂಜೆ ಹದಿನೈದು ನಿಮಿಷ, ಶುಕ್ರವಾರ ಸ್ನಾನಕ್ಕೆ ಅರ್ಧ ಗಂಟೆ. ಅಷ್ಟೇ. ಮೀರಿದ್ರೆ ಫೋನ್ ಕೂಗುತ್ತೆ, ಮುಂದಿನ ಮನೆಗೆ ಲೇಟು ಅಂತ ಬೈತಾರೆ. ತಿನ್ನಿಸಿದ್ರೆ ತೊಳೆಯೋಕಾಗಲ್ಲ, ತೊಳೆದ್ರೆ ತಿನ್ನಿಸೋಕಾಗಲ್ಲ. ಸಂಜೆ ಐದೂವರೆಗೇ ಅವರನ್ನ ಮಲಗಿಸಿ ಬರ್ಬೇಕು. ಬೆಳಿಗ್ಗೆ ಏಳೂ ಮುಕ್ಕಾಲಿಗೆ ಹೋದಾಗ ಹಾಸಿಗೆ ಸ್ಥಿತಿ ಹೇಗಿರುತ್ತೆ ಅಂತ ನಾನು ಹೇಳಲ್ಲ."

"ನಂಗ್ಯಾಕೆ ಹೇಳ್ತೀಯ?" ಎಂದೆ.

"ಇನ್ಯಾರಿಗೆ ಹೇಳ್ಲಿ?" ಎಂದಳು.

ಮಾರನೆಯ ದಿನ ಮಧ್ಯಾಹ್ನ ನಾನು ಬಂದೆ. ಅವತ್ತಿನದು ನಿನಗೆ ನೆನಪಿದೆ, ನೀನು ನೆನಪಿಲ್ಲ ಎಂದರೂ ನಂಬುವುದಿಲ್ಲ. ಬಾಗಿಲು ತೆರೆದಾಗಲೇ ವಾಸನೆ ಮುಖಕ್ಕೆ ಹೊಡೆಯಿತು. ನೀನು ಕುರ್ಚಿಯಲ್ಲಿದ್ದೆ, ಬೆಳಗಿನಿಂದ ಅದರಲ್ಲೇ. ಪೈಜಾಮ ಒಣಗಿ ಕಾಲಿಗೆ ಅಂಟಿತ್ತು. ಗೋಡೆ ನೋಡುತ್ತ ನೀನು, "ಹಾಗೆ ನಿಂತು ನೋಡ್ಬೇಡ," ಎಂದೆ. ಮಾತು ಅರ್ಧ ಬಾಯಲ್ಲೇ ಉಳಿಯಿತು. ನಾನು ಕೋಟು ತೆಗೆದು, ತೋಳು ಮಡಚಿ, ನಿನ್ನನ್ನು ತೊಟ್ಟಿಗೆ ಎಳೆದುಕೊಂಡು ಹೋದೆ. ನನಗೆ ಅಸಹ್ಯವಾಯಿತು. ನಿನ್ನ ಮೈಯಿಂದ ಅಲ್ಲ, ಆ ಕಚೇರಿಯಿಂದ ಎಂದು ಬರೆದರೆ ಚೆನ್ನಾಗಿರುತ್ತದೆ, ಆದರೆ ಅದು ಸುಳ್ಳು. ನಿನ್ನ ಮೈಯಿಂದಲೂ ಆಯಿತು. ಮೂರು ಸಲ ನೀರು ಬದಲಾಯಿಸಿದೆ. ತೊಡೆಯ ಹಿಂದೆ ಚರ್ಮ ಕೆಂಪಗೆ ಬಿರಿದಿತ್ತು. ನಲವತ್ತು ವರ್ಷ ಧಾನ್ಯದ ಮೂಟೆ ಹೊತ್ತ ಗಂಡಸು, ಸೋಪು ತಾಗಿದಾಗ ಮಗುವಿನ ಹಾಗೆ ಮುಲುಗಿದೆ. ಆಗ ನನಗೆ ನಿನ್ನ ಮೇಲಿನ ಸಿಟ್ಟು ಎಲ್ಲಿಡಬೇಕೆಂದು ತಿಳಿಯಲಿಲ್ಲ.

ಸಂಜೆ ಮರಿಸೆಲ್ ಬಂದಾಗ ನೀನು ಒಗೆದ ಅಂಗಿಯಲ್ಲಿ, ಬಾಚಿದ ತಲೆಯಲ್ಲಿ ಕೂತು ಬ್ರೆಡ್ಡು ಅದ್ದಿ ಸಾರು ತಿನ್ನುತ್ತಿದ್ದೆ. ಅವಳ ಕಣ್ಣು ತುಂಬಿತು. ಖುಷಿಯಲ್ಲಿ ಫೋನಿನಲ್ಲಿ ಕಚೇರಿಗೆ ಬರೆದಳು: "ಹೆಂಡತಿ ಬಂದು ಸ್ನಾನ ಮಾಡಿಸಿ ಊಟ ಕೊಟ್ಟಿದ್ದಾರೆ. ರೋಗಿ ಸಂತೋಷವಾಗಿದ್ದಾರೆ." ನನಗೂ ಓದಿ ಹೇಳಿದಳು.

ಎಂಟೇ ದಿನಕ್ಕೆ ನನ್ನ ವಿಳಾಸಕ್ಕೆ ಕಾಗದ ಬಂತು. ಸ್ನಾನದ ವ್ಯವಸ್ಥೆ ಕುಟುಂಬದಿಂದಲೇ ಆಗುತ್ತಿರುವುದರಿಂದ ಶುಕ್ರವಾರದ ಅರ್ಧ ಗಂಟೆಯನ್ನು ಹಿಂತೆಗೆದುಕೊಳ್ಳಲಾಗಿದೆ. ಕೆಳಗೆ, ಕುಟುಂಬದ ಸಹಕಾರಕ್ಕೆ ಕೃತಜ್ಞತೆಗಳು. ಒಂದೇ ಒಂದು ಸಲ ತೊಳೆದೆ, ಒರೆಸ್ಟ್. ಅದಕ್ಕೆ ನಿನ್ನ ಸ್ನಾನ ಕಿತ್ತುಕೊಂಡರು. ಆ ಕಾಗದವನ್ನು ಅಡುಗೆಮನೆಯ ಮೇಜಿನ ಮೇಲೆ ಇಡುವುದಕ್ಕೂ ನನಗೆ ಹೇಸಿಗೆಯಾಯಿತು, ಹೊರಗೆ ಬೂಟುಗಳ ಪಕ್ಕ ಇಟ್ಟೆ. ಈ ಕೆನಡಾದಲ್ಲಿ ಹೆಂಡತಿ ಎನ್ನುವುದೂ ಒಂದು ಸರ್ಕಾರಿ ಹುದ್ದೆ ಎಂದು ನನಗೆ ಎಪ್ಪತ್ತೊಂದು ವರ್ಷಕ್ಕೆ ತಿಳಿಯಿತು.

ಮತ್ತೆ ಕಚೇರಿಗೆ ಹೋದೆ. ಈ ಸಲ ದನಿ ಏರಿತು, ಕಾವಲಿನವನು ಎದ್ದು ನಿಂತ. ಡೆನಿಸ್ ಅವನಿಗೆ ಕೈ ಸನ್ನೆ ಮಾಡಿ, ಕೋಟು ಹಾಕಿಕೊಂಡು ನನ್ನನ್ನು ಹೊರಗೆ ಕಾರು ನಿಲ್ಲಿಸುವ ಕಡೆ ಕರೆದುಕೊಂಡು ಹೋದಳು. ಉಸಿರು ಹೆಪ್ಪುಗಟ್ಟುವ ಚಳಿ. ಸಿಗರೇಟು ಹಚ್ಚಲು ಅವಳಿಗೆ ನಾಲ್ಕು ಕಡ್ಡಿ ಬೇಕಾಯಿತು.

"ನಾನು ಹೇಳ್ದೆ ಅಂತ ಎಲ್ಲೂ ಹೇಳ್ಬೇಡಿ," ಎಂದಳು. "ನೀವು ಹೋದಷ್ಟು ದಿನ ಗಂಟೆ ಬರಲ್ಲ. ಮಾರ್ಚ್ ಆರನೇ ತಾರೀಕು ಮರುಪರಿಶೀಲನೆ ಇದೆ. ಅಲ್ಲೀವರೆಗೂ ಆ ಮನೆ ಬಾಗಿಲು ಮುಟ್ಬೇಡಿ. ಕಾಗದದಲ್ಲಿ ಅವರ ಸ್ಥಿತಿ ಕೆಟ್ಟದಾಗಿ ಕಾಣ್ಬೇಕು."

"ಕಾಣ್ಬೇಕೋ, ಆಗ್ಬೇಕೋ?"

"ಕಾಗದಕ್ಕೆ ಆ ವ್ಯತ್ಯಾಸ ಗೊತ್ತಾಗಲ್ಲ, ಅಮ್ಮ." ಮೊದಲ ಸಲ ಅವಳು ನನ್ನನ್ನು ಅಮ್ಮ ಎಂದಳು. "ತಿಂಗಳಿಗೆ ಇಷ್ಟು ಗಂಟೆ ಅಂತ ನಂಗೆ ಒಂದೇ ಪಾತ್ರೆ ಕೊಟ್ಟು ಕೂರಿಸಿದಾರೆ. ಊರಲ್ಲಿ ಇನ್ನೂರು ತಟ್ಟೆ. ನಿಮ್ಮವರಿಗೆ ಒಂದು ಸೌಟು ಜಾಸ್ತಿ ಹಾಕಿದ್ರೆ ಇನ್ನೊಬ್ಬರಿಂದ ತೆಗೀಬೇಕು. ಹೋದ ವಾರ ಒಬ್ಬ ಅಜ್ಜಿಯಿಂದ ತೆಗೆದೆ. ಅವರಿಗೆ ಮಗಳಿದಾಳೆ ಅಂತ. ಮಗಳಿಗೇ ಅರವತ್ತೆಂಟು, ಕಣ್ಣು ಕಾಣಲ್ಲ. ಆದ್ರೆ ಮಗಳು ಅಂತ ಒಂದು ಗೆರೆ ಇದೆಯಲ್ಲ, ಅಲ್ಲಿ ಟಿಕ್ ಬಿತ್ತು."

ನಾನು ಅವಳನ್ನು ಬೈಯಲು ಬಂದವಳು. ಬೈಯುವ ಬದಲು ಅವಳ ಆರಿದ ಸಿಗರೇಟಿಗೆ ಕಡ್ಡಿ ಗೀರಿ ಹಿಡಿದೆ. ಅದೂ ಒಂದು ಹೇಸಿಗೆಯೇ. ಯಾರ ಮುಖಕ್ಕೆ ಉಗುಳಬೇಕೋ ಅವರು ಈ ಊರಲ್ಲೇ ಇರುವುದಿಲ್ಲ.

ನಾನು ಅವಳ ಮಾತು ಕೇಳಿದೆ. ನಾನೇ ಒಪ್ಪಿಕೊಳ್ಳುತ್ತಿದ್ದೇನೆ, ಇದನ್ನು ಯಾರೂ ನನ್ನಿಂದ ಬಲವಂತವಾಗಿ ಮಾಡಿಸಲಿಲ್ಲ. ಫೆಬ್ರವರಿ ಪೂರ್ತಿ ಬರಲಿಲ್ಲ. ನೀನು ಮರಿಸೆಲ್‌ಳ ಕೈಯಲ್ಲಿ ಎರಡು ಸಲ ಹೇಳಿಕಳಿಸಿದೆ, ನನಗೆ ಸೊಂಟ ನೋವು ಎಂದು ಸುಳ್ಳು ಹೇಳಿದೆ. ಆದರೆ ದಿನಾ ನಿನ್ನ ಬೀದಿಯಲ್ಲಿ ಕಾರು ಓಡಿಸಿಕೊಂಡು ಹೋಗುತ್ತಿದ್ದೆ. ನಿಲ್ಲಿಸುತ್ತಿರಲಿಲ್ಲ. ಒಳಗೆ ನೀನು ಹೇಗಿರುವೆಯೆಂದು ನನಗೆ ಗೊತ್ತಿತ್ತು, ಮೂಗಿಗೂ ಗೊತ್ತಿತ್ತು. ಗೊತ್ತಿದ್ದೇ ಗೇರು ಬದಲಾಯಿಸಿ ಮುಂದೆ ಹೋಗುತ್ತಿದ್ದೆ. ಹಾನ್ಯಾಳಿಗೆ ನೀನು ಮಾಡಿದ್ದಕ್ಕೆ ಇದು ಸರಿಯಾಯಿತು ಎಂದು ಒಂದೆರಡು ದಿನ ಅನ್ನಿಸಿದ್ದೂ ಉಂಟು. ಬಹಳ ದಿನ ಅನ್ನಿಸಲಿಲ್ಲ.

ಮಾರ್ಚ್ ಐದು, ಮಂಗಳವಾರ, ಮಧ್ಯಾಹ್ನ ಒಂದೂವರೆಗೆ ಬಂದಾಗ ಅಡುಗೆಮನೆಯ ಪರದೆ ಎಳೆದೇ ಇತ್ತು. ಅವತ್ತು ಇಳಿದೆ. ಹಿಂಬಾಗಿಲ ಗಾಜಿನಲ್ಲಿ ಇಣುಕಿದೆ. ಮೇಜಿನ ಕೆಳಗಿಂದ ನಿನ್ನ ಪಾದ ಕಂಡಿತು, ಬರಿಗಾಲು, ಬಣ್ಣ ಕೆಟ್ಟಿತ್ತು. ಬೀಗದ ಕೈ ನನ್ನ ಚೀಲದಲ್ಲಿತ್ತು. ಅದನ್ನು ನಾನು ಹದಿಮೂರು ವರ್ಷದಿಂದ ಹಿಂದಿರುಗಿಸಿಲ್ಲ, ನೀನೂ ಕೇಳಿಲ್ಲ. ಆದರೂ ಒಳಗೆ ಬರಲಿಲ್ಲ. ಬಂದರೆ ಕಾಗದದಲ್ಲಿ "ಹೆಂಡತಿ ನೋಡಿ ಎತ್ತಿದರು" ಎಂದಾಗುತ್ತದೆ, ಮರುದಿನವೇ ಪರಿಶೀಲನೆ. ಪೆಟ್ರೋಲ್ ಬಂಕಿಗೆ ಹೋಗಿ ಅಲ್ಲಿನ ಫೋನಿನಿಂದ ಆಂಬುಲೆನ್ಸಿಗೆ ಹೇಳಿದೆ. ಹೆಸರು ಕೇಳಿದರು, ದಾರಿಹೋಕಳು ಎಂದೆ. ಬೀದಿಯ ಕೊನೆಯಲ್ಲಿ ಕಾರಿನಲ್ಲಿ ಕೂತು, ಅವರು ನಿನ್ನನ್ನು ಹೊತ್ತು ತರುವವರೆಗೆ ನೋಡಿದೆ. ನಿನ್ನ ಕೈ ಅಲುಗುವುದನ್ನು ಕಂಡ ಮೇಲೆ ಉಸಿರು ಬಂತು. ಆ ದಾರಿಹೋಕಳಿಗೆ ಥ್ಯಾಂಕ್ಸ್ ಹೇಳಬೇಕೆಂದು ನೀನು ಮರಿಸೆಲ್ ಹತ್ತಿರ ವಿಚಾರಿಸುತ್ತಿರುತ್ತೀಯಂತೆ. ವಿಚಾರಿಸಬೇಡ.

ಆಸ್ಪತ್ರೆಯಲ್ಲಿ ಸೊಂಟದ ಮೂಳೆ ಬಿರುಕು ಬಿಟ್ಟಿದೆ ಎಂದರು. ಪರಿಶೀಲನೆ ವಾರ್ಡಿನಲ್ಲೇ ನಡೆಯಿತು. ಮೂರನೆಯ ದಿನ ನಾನು ಆ ಫಾರಂನ ಹೊಸ ಪ್ರತಿ ಹಿಡಿದು ಬಂದೆ. ನೀನು ಓದಿದೆ. ಬಹಳ ಹೊತ್ತಾದ ಮೇಲೆ ಒಂದೊಂದೇ ಅಕ್ಷರ ಹೆಕ್ಕಿ ಕೇಳಿದೆ, "ನಾವು... ಏನೂ... ಅಲ್ವಾ?"

"ಸಹಿ ಹಾಕು, ಒರೆಸ್ಟ್," ಎಂದೆ. ಅಷ್ಟೇ ಹೇಳಿದ್ದು. ಪಕ್ಕದ ಹಾಸಿಗೆಯವನು ಕೇಳುತ್ತಿದ್ದ, ನರ್ಸು ಬಾಗಿಲಲ್ಲಿ ನಿಂತು ಏನೋ ಬರೆಯುತ್ತಿದ್ದಳು. ನಿನ್ನ ತಲೆ ಸವರಿದರೆ ಅದೂ ಎಲ್ಲೋ ದಾಖಲಾಗುತ್ತದೆ ಎಂದು ಕೈ ಜೇಬಿನಲ್ಲಿಟ್ಟುಕೊಂಡೆ. ನೀನು ಎಡಗೈಯಲ್ಲಿ ಸಹಿ ಹಾಕಿದೆ. ನಾನು ಮಡಚಿ ಚೀಲಕ್ಕೆ ಹಾಕಿಕೊಂಡು ಹೊರಟೆ. ನಿನ್ನ ಕಣ್ಣಿಗೆ ಅದು ಹೇಗೆ ಕಂಡಿರುತ್ತದೆ ಎಂದು ನನಗೆ ಗೊತ್ತು.

ಆ ಸಹಿಗೆ ವಾರಕ್ಕೆ ಹನ್ನೆರಡು ಗಂಟೆ ಆರೈಕೆ ಬಂತು. ಈಗ ಬೆಳಿಗ್ಗೆ ಮುಕ್ಕಾಲು ಗಂಟೆ, ಮಧ್ಯಾಹ್ನ ಊಟಕ್ಕೆ ಒಬ್ಬಳು, ಮಲಗಿಸಲು ರಾತ್ರಿ ಎಂಟಕ್ಕೆ, ವಾರಕ್ಕೆರಡು ಸ್ನಾನ. ಇದು ಅವರು ಕೊಟ್ಟ ದಾನವಲ್ಲ. ನವೆಂಬರಿನಲ್ಲೇ ನಿನಗೆ ಬೇಕೆಂದು ಅವರೇ ಬರೆದುಕೊಂಡಿದ್ದರು. ಒಂದು ಮೂಳೆ ಮುರಿಯುವವರೆಗೆ ಕಾದರು, ನಾನೂ ಅವರ ಜೊತೆ ಕಾದೆ.

ಮುಂದಿನ ಪರಿಶೀಲನೆ ಸೆಪ್ಟೆಂಬರಿನಲ್ಲಿ. ಅಲ್ಲಿಯವರೆಗೆ ನಿನ್ನ ಫ್ರಿಜ್ಜಿನಲ್ಲಿ ನನ್ನ ಪಾತ್ರೆ ಕಾಣಬಾರದು, ಹಗ್ಗದ ಮೇಲೆ ನಾನು ಒಗೆದ ಬಟ್ಟೆ ಕಾಣಬಾರದು. ಅದಕ್ಕೇ ಬರಲಿಲ್ಲ. ಬೇಡವೆಂದು ಅಲ್ಲ.

ನಾನು ಹೇಳುವುದು ಇಷ್ಟು. ಮುಂದಿನ ವಾರ ಗುರುವಾರ, ಮಧ್ಯಾಹ್ನ ಊಟಕ್ಕೆ ಬರುವವಳು ಒಂದಕ್ಕೆ ಹೋಗುತ್ತಾಳೆ. ಎರಡು ಗಂಟೆಗೆ ನಾನು ಹಿಂದಿನ ಓಣಿಯಿಂದ ನಡೆದು ಬರುತ್ತೇನೆ, ಕಾರು ತರುವುದಿಲ್ಲ. ಅಡುಗೆ ಮಾಡುವುದಿಲ್ಲ, ತೊಳೆಯುವುದಿಲ್ಲ, ನಿನ್ನ ಚಪ್ಪಲಿಯನ್ನೂ ಎತ್ತಿ ಕೊಡುವುದಿಲ್ಲ. ಇಸ್ಪೀಟು ಆಡಬಹುದು. ನೀನು ಎಡಗೈಯಲ್ಲಿ ಮೋಸ ಮಾಡಲು ಕಲಿತಿದ್ದೀಯೋ ನೋಡೋಣ. ಹಾನ್ಯಾಳ ವಿಷಯ ನಾನು ಕ್ಷಮಿಸಿಲ್ಲ, ನೀನು ಬಿದ್ದ ಕಾರಣಕ್ಕೆ ಅದು ಅಳಿಸಿಹೋಗಿಲ್ಲ. ವಾಪಸು ಬಂದು ಸಂಸಾರ ಮಾಡುವವಳೂ ಅಲ್ಲ. ಆದರೆ ಒಬ್ಬರ ಮನೆಗೆ ಇನ್ನೊಬ್ಬರು ಹೋಗಿ ಕೂರುವುದಕ್ಕೂ ಗೆರೆ ಎಳೆದು ಟಿಕ್ ಹಾಕುವ ಜನರ ಮೇಲೆ ನನಗೆ ಎಷ್ಟು ಅಸಹ್ಯವಿದೆಯೆಂದರೆ, ಅವರಿಗೆ ತಿಳಿಯದಂತೆ ಒಂದು ಮಧ್ಯಾಹ್ನವನ್ನಾದರೂ ನಮ್ಮದು ಮಾಡಿಕೊಳ್ಳಬೇಕೆಂದು ಹಟ ಬಂದಿದೆ.

ಓದಿ ಒಲೆಗೆ ಹಾಕು.

ನಿನಗೆ ಏನೂ ಅಲ್ಲವೆಂದು ಸರ್ಕಾರಕ್ಕೆ ಬರೆದುಕೊಟ್ಟಿರುವ,
ಯೂಸ್ತಿನಾ

ಮರೆತ ಮಾತು: ಮರೆತಿರಲಿಲ್ಲ, ಬರೆಯಲು ಧೈರ್ಯ ಬರಲಿಲ್ಲ. ಲಕೋಟೆ ಅಂಟಿಸಿದ್ದನ್ನು ಮತ್ತೆ ಹರಿದಿದ್ದೇನೆ. ಅವತ್ತು ಒಂದೂವರೆಗೆ ಬಂದದ್ದು ಎರಡನೆಯ ಸಲ. ಹನ್ನೊಂದಕ್ಕೂ ಬಂದಿದ್ದೆ. ಮರಿಸೆಲ್ ಹೋದ ಕೂಡಲೇ ನೀನು ಪರದೆ ಸರಿಸಿ ಬೀದಿ ನೋಡುತ್ತ ಕೂರುವವನು, ಒಂದು ದಿನವೂ ತಪ್ಪಿದ್ದಿಲ್ಲ. ಪರದೆ ಎಳೆದಿತ್ತು. ಆಗಲೇ ನನಗೆ ತಿಳಿಯಿತು, ನೀನು ಬಿದ್ದಿದ್ದೀಯ ಎಂದು. ನಾಳೆ ಪರಿಶೀಲನೆ, ಇನ್ನೂ ಸ್ವಲ್ಪ ಹೊತ್ತಾದರೆ ಕಾಗದದಲ್ಲಿ ಚೆನ್ನಾಗಿ ಕಾಣುತ್ತದೆ ಎಂದುಕೊಂಡು ಕಾರು ನಿಲ್ಲಿಸದೆ ಹೋದೆ. ಕೋ-ಆಪ್‌ನಲ್ಲಿ ಎರಡು ಎಲೆಕೋಸು ಆರಿಸಿದೆ, ಮನೆಗೆ ಹೋಗಿ ಚಹಾ ಮಾಡಿ ಕುಡಿದೆ. ನೀನು ನೆಲದ ಮೇಲಿದ್ದೆ. ಗುರುವಾರ ಹಿಂಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿದ್ದರೆ ನಾನು ತಟ್ಟುವುದಿಲ್ಲ, ಹಾಗೇ ಹಿಂದಿರುಗುತ್ತೇನೆ.